ಅಜ್ಜಯ್ಯನ ಪುಷ್ಪಕ್ ರೆಸಾರ್ಟಿನ ಅಂಗಳದಲ್ಲಿ: ವಾಪಸ್ ಕೇಳಬಹುದಾ?

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನವರು, ಅಡಿಕೆ ತೋಟದ ಮನೆ. ನಮ್ಮ ಅಜ್ಜಯ್ಯನಿಗೆ ವಿಮಾನದ ಹುಚ್ಚು. 1986ರಲ್ಲಿ ಒಂದು ಫ್ಲೈಯಿಂಗ್ ಕ್ಲಬ್ಬಿನ ಹರಾಜಿನಲ್ಲಿ ಹಳೆಯ ಪುಷ್ಪಕ್ ವಿಮಾನ ಕೊಂಡು ಲಾರಿ ಮೇಲೆ ಮನೆಗೆ ತಂದಿದ್ದರು. ಐದು ವರ್ಷ ಕೊಟ್ಟಿಗೆಯಲ್ಲೇ ಇತ್ತು. 1991ರಲ್ಲಿ ರಿಪೇರಿಗೆ ಅಂತ ಬೆಂಗಳೂರಿನ ಹೊರವಲಯದ ಒಂದು ಶೆಡ್ಡಿಗೆ ಕಳಿಸಿದರು. 1998ರಲ್ಲಿ ಅಜ್ಜಯ್ಯ ತೀರಿಕೊಂಡರು. ಆಮೇಲೆ ಯಾರೂ ವಿಚಾರಿಸಲಿಲ್ಲ, ಆ ಶೆಡ್ಡೂ ಈಗ ಇಲ್ಲ. ಹೋದ ದೀಪಾವಳಿಗೆ ನನ್ನ ಅತ್ತೆ ಮಗ ಚಿಕ್ಕಮಗಳೂರು ಕಡೆಯ ಒಂದು ರೆಸಾರ್ಟಿಗೆ ಹೋಗಿದ್ದಾಗ ಅಲ್ಲಿನ ಅಂಗಳದಲ್ಲಿ ಅಂಥದೇ ವಿಮಾನ ನೋಡಿ ಫೋಟೋ ಕಳಿಸಿದ. ಹಳದಿ ಬಣ್ಣ ಬಳಿದಿದ್ದಾರೆ, ನಂಬರ್ ಕಾಣುವುದಿಲ್ಲ. ಗುಜರಿಯವರಿಂದ ಕೊಂಡಿದ್ದು ಅಂತ ಅಲ್ಲಿನ ಕೆಲಸದವರು ಅವನಿಗೆ ಹೇಳಿದರಂತೆ. ಅದು ನಮ್ಮದೇ ಅಂತ ಗೊತ್ತು ಮಾಡಿಕೊಳ್ಳುವುದು ಹೇಗೆ? ನಮ್ಮದೇ ಆಗಿದ್ದರೆ ಇಷ್ಟು ವರ್ಷದ ಮೇಲೆ ಕೇಳಬಹುದಾ?

ಉತ್ತರ:

ರೆಸಾರ್ಟಿನ ಮಾಲೀಕರಿಗೆ ಇನ್ನೂ ಫೋನ್ ಮಾಡಿಲ್ಲ ತಾನೆ? ಮಾಡಿಲ್ಲ ಅಂದರೆ ಒಳ್ಳೆಯದಾಯಿತು. ಸದ್ಯಕ್ಕೆ ಮಾಡಬೇಡಿ. ಪತ್ರ ಬೇಡ, ವಕೀಲರ ನೋಟಿಸ್ ಬೇಡ. "ಅಜ್ಜಯ್ಯನ ವಿಮಾನ ಸಿಕ್ಕಿತು" ಅಂತ ಫೇಸ್‌ಬುಕ್ಕಿನಲ್ಲಿ ಫೋಟೋ ಹಾಕುವುದಂತೂ ಬೇಡವೇ ಬೇಡ.

ಯಾಕೆ ಅಂತ ಹೇಳುತ್ತೇನೆ. ನಾನು ಬೆಂಗಳೂರಿನಲ್ಲಿ ಮೂವತ್ತು ವರ್ಷ ಸಣ್ಣ ವಿಮಾನಗಳ ರಿಪೇರಿ ಮಾಡಿ, ಈಗ ಸಾಗರದ ಹತ್ತಿರ ತೋಟ ನೋಡಿಕೊಂಡಿರುವವನು. ಇಪ್ಪತ್ತು ವರ್ಷದ ಹಿಂದೆ ಪರಿಚಯದ ಒಂದು ಮನೆಯವರಿಗೆ ಇಂಥದೇ ವಿಮಾನ ಹುಡುಕಿಕೊಟ್ಟಿದ್ದೆ. ಸಿಕ್ಕ ಖುಷಿಗೆ ಅಲ್ಲೇ ನಿಂತು ಶೆಡ್ಡಿನ ಮಾಲೀಕರಿಗೆ ಇಡೀ ಕಥೆ ಹೇಳಿಬಿಟ್ಟೆ. ಅವರೂ ಚಹಾ ಕೊಟ್ಟು ನಗುನಗುತ್ತಾ ಕಳಿಸಿದರು. ಮುಂದಿನ ವಾರ ಕ್ಯಾಮೆರಾ ತೆಗೆದುಕೊಂಡು ಹೋದರೆ ಬಾಗಿಲ ಪಕ್ಕದ ತಗಡಿನ ಪ್ಲೇಟೇ ಇಲ್ಲ. ನಾಲ್ಕು ಸ್ಕ್ರೂ ತೂತು, ಸುತ್ತ ಹೊಳೆಯುವ ಹೊಸ ಗೀರು. "ಅದು ಮೊದಲಿಂದಲೂ ಹಾಗೇ ಇದೆ" ಅಂದರು. ಆ ಬೆರಳುದ್ದದ ತಗಡಿಲ್ಲದೆ ಆ ಮನೆಯವರಿಗೆ ಏನನ್ನೂ ಸಾಬೀತು ಮಾಡಲು ಆಗಲಿಲ್ಲ. ನನ್ನ ಬಾಯಿಯಿಂದಲೇ ಕೆಟ್ಟಿದ್ದು ಅದು.

ಅದಕ್ಕೇ ಮೊದಲು ಕಾಗದ, ಆಮೇಲೆ ತಗಡು, ಮಾತು ಕೊನೆಗೆ.

ಕಾಗದದಿಂದ ಶುರು ಮಾಡೋಣ. ನಿಮಗೆ ಬೇಕಾಗಿರುವುದು ಎರಡು ಗುರುತು. ಒಂದು ವಿಮಾನದ ನೋಂದಣಿ ಅಕ್ಷರ. ಭಾರತದ ವಿಮಾನಗಳಿಗೆ ವಿಟಿ ಅಂತ ಶುರುವಾಗಿ, ಒಂದು ಅಡ್ಡಗೆರೆ, ಆಮೇಲೆ ಮೂರು ಅಕ್ಷರ. ಪುಷ್ಪಕ್‌ಗಳಲ್ಲಿ ಬಹಳಷ್ಟಕ್ಕೆ ಆ ಮೂರರಲ್ಲಿ ಮೊದಲನೆಯದು ಡಿ. ಎರಡನೆಯದು ಕಾರ್ಖಾನೆಯವರು ಕೊಟ್ಟ ನಿರ್ಮಾಣ ಸಂಖ್ಯೆ. ನೋಂದಣಿ ಅಕ್ಷರ ನಮ್ಮ ಕಾರಿನ ಕೆಎ 14 ಇದ್ದ ಹಾಗೆ, ನಿರ್ಮಾಣ ಸಂಖ್ಯೆ ಚಾಸಿ ನಂಬರ್ ಇದ್ದ ಹಾಗೆ. ನಂಬಬೇಕಾದ್ದು ಚಾಸಿಯನ್ನು.

ಪುಷ್ಪಕ್ ಬೆಂಗಳೂರಿನದೇ ಕೂಸು. ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆ ಅವರ ತಂಡ ರೂಪಿಸಿದ್ದು. 1958ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಹಾರಿತು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಅಂತಲೇ ಮಾಡಿದ್ದು. ಒಟ್ಟು ತಯಾರಾಗಿದ್ದು 150ರ ಆಸುಪಾಸು, ಅಷ್ಟೇ. ಇದು ನಿಮಗೆ ಅನುಕೂಲ. ಸಾವಿರಗಟ್ಟಲೆ ಇದ್ದಿದ್ದರೆ ಹುಡುಕುವುದು ಕಷ್ಟ. ನೂರೈವತ್ತರಲ್ಲಿ ಎಷ್ಟೋ ಬಿದ್ದು ಹೋಗಿವೆ, ಎಷ್ಟೋ ಕರಗಿ ಪಾತ್ರೆಯಾಗಿವೆ. ಉಳಿದ ಒಂದೊಂದರ ಜಾತಕವನ್ನೂ ಬರೆದಿಟ್ಟಿರುವ ಹವ್ಯಾಸಿಗಳಿದ್ದಾರೆ. ಹಳೆಯ ವಿಟಿ ನೋಂದಣಿಗಳ ಪಟ್ಟಿ ಮಾಡಿಕೊಂಡು ಕೂತಿರುವ ಈ ಮಂದಿ ನಮ್ಮ ಕಡೆ ವಂಶಾವಳಿ ಬಾಯಿಪಾಠ ಹೇಳುವ ಭಟ್ಟರಿದ್ದ ಹಾಗೆ. ಒಂದು ನಂಬರ್ ಹೇಳಿದರೆ ಯಾವ ಕ್ಲಬ್ಬು, ಯಾವ ವರ್ಷ ಅಂತ ಹೇಳುತ್ತಾರೆ.

ಮನೆಯಲ್ಲಿ ಎಲ್ಲಿ ಹುಡುಕಬೇಕು? ಹರಾಜಿನ ರಸೀದಿ ಸಿಕ್ಕಿಬಿಟ್ಟರೆ ಮುಕ್ಕಾಲು ಕೆಲಸ ಮುಗಿಯಿತು. ಅಟ್ಟದ ಮೇಲಿನ ಟ್ರಂಕು, ದೇವರ ಗೂಡಿನ ಕೆಳಗಿನ ಪೆಟ್ಟಿಗೆ, ತೋಟದ ಪಹಣಿ ಕಟ್ಟಿಟ್ಟ ಗಂಟು, ಎಲ್ಲ ಬಿಚ್ಚಿ. ನಮ್ಮ ಹಳಬರು ಒಂದು ಕಾಗದವನ್ನೂ ಬಿಸಾಡುವವರಲ್ಲ, ಎಲ್ಲಿಟ್ಟಿದ್ದೇವೆ ಅಂತ ಮಾತ್ರ ಯಾರಿಗೂ ಹೇಳುವವರಲ್ಲ. ರಸೀದಿ ಸಿಗದಿದ್ದರೆ ದುಡ್ಡಿನ ಜಾಡು ಹಿಡಿಯಿರಿ. 1986ರಲ್ಲಿ ತೋಟದವರ ಹತ್ತಿರ ದೊಡ್ಡ ಮೊತ್ತ ಇದ್ದಿದ್ದು ಅಡಿಕೆ ಮಂಡಿಯ ಖಾತೆಯಲ್ಲಿ. ಅಜ್ಜಯ್ಯ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಮ್ಯಾಮ್ಕೋಸಿಗೆ ಅಡಿಕೆ ಹಾಕುತ್ತಿದ್ದರೋ, ಶಿವಮೊಗ್ಗದ ಖಾಸಗಿ ಮಂಡಿಗೋ? ಆ ವರ್ಷದ ಪಾಸ್‌ಬುಕ್, ಮಂಡಿ ಚೀಟಿ, ಡಿಡಿಯ ಕೌಂಟರ್‌ಫಾಯಿಲ್ ನೋಡಿ. ಹರಾಜಿನ ವಾರದಲ್ಲಿ ದುಡ್ಡು ಎತ್ತಿದ್ದು ಸಿಕ್ಕರೆ ಅದೂ ಸಾಕ್ಷಿಯೇ. 1991ರಲ್ಲಿ ಬೆಂಗಳೂರಿಗೆ ಕಳಿಸಿದಾಗಿನ ಲಾರಿ ರಸೀದಿ ಇನ್ನೂ ಮುಖ್ಯ. "ರಿಪೇರಿಗೆ ಕಳಿಸಿದೆ" ಅಂತ ಅಜ್ಜಯ್ಯ ಬರೆದ ಒಂದು ಪೋಸ್ಟ್‌ಕಾರ್ಡ್ ಸಿಕ್ಕರೂ ಜೋಪಾನ ಮಾಡಿ. ಮಾರಿದ್ದಲ್ಲ, ಒಪ್ಪಿಸಿದ್ದು ಅಂತ ತೋರಿಸುವುದು ಅದೇ. 30 ವರ್ಷಕ್ಕಿಂತ ಹಳೆಯ ಕಾಗದ ಇರಬೇಕಾದ ಜಾಗದಲ್ಲೇ ಇದ್ದು ಬಂದಿದ್ದರೆ ಅದರ ಸಹಿ, ಬರಹ ಅಸಲಿ ಅಂತ ಕೋರ್ಟು ಊಹಿಸಿಕೊಳ್ಳಬಹುದು. ಆದ್ದರಿಂದ ಕಾಗದ ಸಿಕ್ಕಿದ ತಕ್ಷಣ ಹೊಸ ಫೈಲಿಗೆ ಹಾಕಬೇಡಿ. ಸಿಕ್ಕ ಪೆಟ್ಟಿಗೆಯ ಸಮೇತ ಫೋಟೋ ತೆಗೆಯಿರಿ, ಯಾರು ಯಾವತ್ತು ತೆಗೆದರು ಅಂತ ಬರೆದಿಡಿ.

ಕೊಟ್ಟಿಗೆಯಲ್ಲಿದ್ದ ಐದು ವರ್ಷದಲ್ಲಿ ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಸದೆ ಇರುತ್ತಾರಾ? ನಿಮ್ಮ ಅತ್ತೆಯಂದಿರ ಮನೆಯ ಆಲ್ಬಂಗಳನ್ನೂ ಕೇಳಿ ನೋಡಿ. ಹಿನ್ನೆಲೆಯಲ್ಲಿ ಅರ್ಧ ಅಕ್ಷರ ಕಂಡರೂ ಸಾಕು.

ಇನ್ನು ಸರ್ಕಾರದ ಕಡೆ. ಭಾರತದ ಸಿವಿಲ್ ವಿಮಾನಗಳ ರಿಜಿಸ್ಟರ್ ಇರುವುದು ದೆಹಲಿಯ ಡಿಜಿಸಿಎ ಹತ್ತಿರ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಒಂದೊಂದು ವಿಮಾನಕ್ಕೂ ಒಂದು ಕಡತ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು, 30 ದಿನದೊಳಗೆ ಉತ್ತರ ಕೊಡಬೇಕು. "ನಮ್ಮ ಅಜ್ಜಯ್ಯನ ವಿಮಾನ ಎಲ್ಲಿದೆ" ಅಂತ ಕೇಳಬೇಡಿ, "ಮಾಹಿತಿ ಲಭ್ಯವಿಲ್ಲ" ಅಂತ ಬರುತ್ತೆ. ಇಂಥ ನೋಂದಣಿ ಅಕ್ಷರದ ವಿಮಾನದ ನಿರ್ಮಾಣ ಸಂಖ್ಯೆ ಏನು, ಯಾವ ಯಾವ ದಿನಾಂಕದಲ್ಲಿ ಯಾರ ಹೆಸರಿಗಿತ್ತು, ವರ್ಗಾವಣೆಯ ಕಾಗದದ ನಕಲು, ನೋಂದಣಿ ರದ್ದಾಗಿದ್ದರೆ ಯಾವಾಗ, ಯಾರ ಅರ್ಜಿಯ ಮೇಲೆ ಅಂತ ಬಿಡಿಬಿಡಿಯಾಗಿ ಕೇಳಿ. ಬೇರೆಯವರ ಖಾಸಗಿ ವಿವರ ಅಂತ ಕೊಡಲು ಹಿಂದೇಟು ಹಾಕಬಹುದು. ಆಗ ಕಾಯ್ದೆಯ ಸೆಕ್ಷನ್ 8ರ ಉಪವಿಧಿ 3 ತೋರಿಸಿ. 20 ವರ್ಷಕ್ಕಿಂತ ಹಿಂದೆ ನಡೆದ ಸಂಗತಿಯ ಮಾಹಿತಿಯನ್ನು ಮೂರು ವಿನಾಯಿತಿ ಬಿಟ್ಟರೆ ಕೊಡಲೇಬೇಕು. ಇದನ್ನು ಬಹಳ ಜನ ಉಪಯೋಗಿಸುವುದೇ ಇಲ್ಲ.

ಒಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಿ. ಆ ಕಡತದಲ್ಲಿ ನಿಮ್ಮ ಅಜ್ಜಯ್ಯನ ಹೆಸರೇ ಇಲ್ಲದಿರಬಹುದು. ಹಾರದ ವಿಮಾನ ಕೊಂಡವರು ಹೆಸರು ಬದಲಾಯಿಸುವ ಗೋಜಿಗೆ ಹೋಗುತ್ತಿದ್ದದ್ದು ಕಡಿಮೆ. ಕ್ಲಬ್ಬಿನ ಹೆಸರಿಗೇ ಕಡತ ನಿಂತುಹೋಗಿರುತ್ತೆ. ಹಾಗಾದರೆ ಕ್ಲಬ್ಬಿನಿಂದ ಅಜ್ಜಯ್ಯನಿಗೆ ಬಂತು ಅನ್ನುವ ಕೊಂಡಿಯನ್ನು ನೀವೇ ತೋರಿಸಬೇಕು. ಆ ಕ್ಲಬ್ಬು ಸಂಘದ ಕಾಯ್ದೆಯಡಿ ನೋಂದಣಿಯಾಗಿದ್ದರೆ ಆ ವರ್ಷದ ಲೆಕ್ಕಪತ್ರ ಸಂಘಗಳ ರಿಜಿಸ್ಟ್ರಾರ್ ಕಚೇರಿಗೆ ಹೋಗಿರಬೇಕು. "ಹಳೆಯ ವಿಮಾನ ಮಾರಾಟದಿಂದ ಬಂದದ್ದು" ಅಂತ ಒಂದು ಸಾಲು ಇದ್ದರೆ ಅದೇ ಬಂಗಾರ.

ಇಷ್ಟು ವರ್ಷ ಮರೆತು ಕೂತೆವಲ್ಲ ಅಂತ ನಾಚಿಕೆ ಪಡಬೇಡಿ. ದೊಡ್ಡ ಏರ್ ಇಂಡಿಯಾವೇ ತನ್ನ ಒಂದು ಬೋಯಿಂಗ್ 737-200 ವಿಮಾನ ಕೋಲ್ಕತ್ತ ನಿಲ್ದಾಣದಲ್ಲಿ 13 ವರ್ಷ ನಿಂತಿದ್ದನ್ನು ಮರೆತಿತ್ತು. ನಿಲ್ದಾಣದವರು ತೆಗೆದುಕೊಂಡು ಹೋಗಿ ಅಂದ ಮೇಲೆಯೇ 2025ರಲ್ಲಿ ಗೊತ್ತಾಗಿದ್ದು. ನಿಲ್ಲಿಸಿದ ಬಾಡಿಗೆಯೇ ಸುಮಾರು ಒಂದು ಕೋಟಿ ರೂಪಾಯಿ. ನಿಮ್ಮದು ಕೊಟ್ಟಿಗೆ ಬಾಡಿಗೆಯಿಲ್ಲದ ಕಥೆ.

ಈಗ ತಗಡು. ರೆಸಾರ್ಟಿಗೆ ಗಿರಾಕಿಯಾಗಿ ಹೋಗಿ. ಒಂದು ರಾತ್ರಿಗೆ ರೂಮ್ ತೆಗೆದುಕೊಳ್ಳಿ, ಮಕ್ಕಳಿದ್ದರೆ ಕರೆದುಕೊಂಡು ಹೋಗಿ. ವಿಮಾನದ ಮುಂದೆ ನಿಂತು ಫೋಟೋ ತೆಗೆದರೆ ಯಾರೂ ಏನೂ ಅನ್ನುವುದಿಲ್ಲ, ಅದನ್ನು ಅಲ್ಲಿಟ್ಟಿರುವುದೇ ಅದಕ್ಕೆ. ಜೇಬಿನಲ್ಲಿ ಒಳ್ಳೆಯ ಟಾರ್ಚ್ ಇರಲಿ. ಏನನ್ನೂ ಬಿಚ್ಚಬೇಡಿ, ಕೆರೆಯಬೇಡಿ, ಮುಟ್ಟುವುದೂ ಕಡಿಮೆ ಇರಲಿ.

ಮೊದಲು ಅದು ಪುಷ್ಪಕ್ ಹೌದಾ ನೋಡಿ. ಬಟ್ಟೆ ಹೊದಿಸಿದ ಹಳದಿ ವಿಮಾನಗಳೆಲ್ಲ ದೂರದಿಂದ ಒಂದೇ ಥರ ಕಾಣುತ್ತವೆ. ರೆಕ್ಕೆ ಎರಡು ಅಂತಸ್ತು ಇದ್ದರೆ ಅದು ಟೈಗರ್ ಮಾತ್, ಅಲ್ಲಿಗೆ ನಿಮ್ಮ ಕಥೆ ಮುಗಿಯಿತು. ರೆಕ್ಕೆ ಒಂದೇ, ತಲೆ ಮೇಲಿದೆ, ಆದರೆ ಸೀಟು ಒಂದರ ಹಿಂದೆ ಒಂದು ಇದ್ದರೆ ಅದು ಪೈಪರ್ ಕಬ್ ಜಾತಿಯದು. ಪುಷ್ಪಕ್‌ನಲ್ಲಿ ಇಬ್ಬರು ಅಕ್ಕಪಕ್ಕ ಕೂರುತ್ತಾರೆ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 36 ಅಡಿ. ಮೂಗಿನಲ್ಲಿ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಬಾಲದ ಕೆಳಗೆ ಒಂದು ಪುಟ್ಟ ಚಕ್ರ.

ಆಮೇಲೆ ಬಾಗಿಲ ಹತ್ತಿರ ಹೋಗಿ. ವಿಮಾನದ ಬಾಗಿಲ ಸಮೀಪ, ಬೆಂಕಿಗೆ ಕರಗದ ಲೋಹದ ತಗಡಿನಲ್ಲಿ ನೋಂದಣಿ ಅಕ್ಷರ ಕೆತ್ತಿ ಜಡಿದಿರಬೇಕು ಅನ್ನುವುದು ಅಂತಾರಾಷ್ಟ್ರೀಯ ನಿಯಮ. ವಿಮಾನ ಬಿದ್ದು ಸುಟ್ಟರೂ ಯಾವುದು ಅಂತ ಗೊತ್ತಾಗಲಿ ಅಂತ. ಕಾರ್ಖಾನೆಯವರ ಪ್ಲೇಟು ಬೇರೆ ಇರುತ್ತೆ, ಅದರಲ್ಲಿ ನಿರ್ಮಾಣ ಸಂಖ್ಯೆ. ಬಾಗಿಲ ಚೌಕಟ್ಟು, ಸೀಟಿನ ಕೆಳಗೆ, ಡ್ಯಾಶ್‌ಬೋರ್ಡಿನ ಬದಿ, ಎಲ್ಲ ಕಡೆ ಕಣ್ಣು ಹಾಯಿಸಿ. ಬಣ್ಣ ಬಳಿಯುವವರು ತಗಡಿನ ಮೇಲೂ ಬಳಿದುಬಿಟ್ಟಿರುತ್ತಾರೆ. ಆಗ ಟಾರ್ಚನ್ನು ನೇರ ಹಿಡಿಯಬೇಡಿ. ತಗಡಿಗೆ ಹೆಚ್ಚುಕಡಿಮೆ ಒರಗಿಸಿ, ಪಕ್ಕದಿಂದ ಬೆಳಕು ಬಿಡಿ. ಕೆತ್ತಿದ ಅಕ್ಷರದ ಒಂದು ಅಂಚು ಹೊಳೆದು ಇನ್ನೊಂದು ಅಂಚಿಗೆ ನೆರಳು ಬೀಳುತ್ತೆ, ಬಣ್ಣದ ಅಡಿಯಿಂದಲೇ ಓದಬಹುದು. ನಮ್ಮ ಕಡೆ ವೀರಗಲ್ಲಿನ ಸವೆದ ಶಾಸನ ಓದುವವರು ಸಂಜೆ ಬಿಸಿಲಿಗೆ ಕಾಯುವುದು ಇದಕ್ಕೇ.

ಇದೇ ಉಪಾಯವನ್ನು ಬದಿಯ ಬಟ್ಟೆಯ ಮೇಲೂ ಮಾಡಿ ನೋಡಿ. ರಾತ್ರಿ ಊಟದ ಮೇಲೆ ಹೋದರೆ ಇನ್ನೂ ಚೆನ್ನ. ಹಳೆಯ ಬಟ್ಟೆಯನ್ನೇ ಉಳಿಸಿ ಮೇಲೆ ಹಳದಿ ಬಳಿದಿದ್ದರೆ ಹಿಂದಿನ ದೊಡ್ಡ ಅಕ್ಷರಗಳ ಅಂಚು ಕೂದಲೆಳೆಯಷ್ಟು ಉಬ್ಬಿ ನಿಂತಿರುತ್ತೆ. ಹಗಲಲ್ಲಿ ಏನೂ ಕಾಣದ ಕಡೆ ವಿ, ಟಿ ಅಂತ ಎದ್ದು ಬರುವುದನ್ನು ನಾನೇ ನೋಡಿದ್ದೇನೆ. ಮೈ ಜುಂ ಅಂದಿತ್ತು. ರೆಕ್ಕೆಯ ಅಡಿಭಾಗ ಮರೆಯಬೇಡಿ. ಅಲ್ಲೂ ಅಕ್ಷರ ಇರುತ್ತಿತ್ತು, ಬಣ್ಣ ಬಳಿಯುವವರು ಬಗ್ಗಿ ಕೆಲಸ ಮಾಡಲು ಸೋಮಾರಿಗಳು.

ಆದರೆ ಬಣ್ಣದಲ್ಲಿ ಬರೆದ ನಂಬರನ್ನು ಪೂರ್ತಿ ನಂಬಬೇಡಿ. ವಾಯುಪಡೆಯ 'ಪರಶುರಾಮ' ಡಕೋಟಾ ಗೊತ್ತಲ್ಲ? ರಾಜೀವ್ ಚಂದ್ರಶೇಖರ್ ಅವರು ಬ್ರಿಟನ್ನಿನಲ್ಲಿ ಗುಜರಿಯಾಗಿದ್ದ ವಿಮಾನ ಕೊಂಡು, ದುರಸ್ತಿ ಮಾಡಿಸಿ 2018ರಲ್ಲಿ ವಾಯುಪಡೆಗೆ ಕೊಟ್ಟರು. ಅದರ ಬಾಲದ ಮೇಲೆ ವಿಪಿ 905 ಅಂತ ಇದೆ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಹೊತ್ತೊಯ್ದ ಡಕೋಟಾದ ನಂಬರ್ ಅದು. ವಿಮಾನ ಬೇರೆ, ನಂಬರ್ ನೆನಪಿಗೆ. ರೆಸಾರ್ಟಿನವರಂತೂ ಇಂಟರ್ನೆಟ್ಟಿನಲ್ಲಿ ನೋಡಿದ ಯಾವುದೋ ನಂಬರ್ ಬರೆಸಿರಬಹುದು.

ಎಂಜಿನ್ ನಂಬರನ್ನೂ ಅಷ್ಟೇ. ಕ್ಲಬ್ಬುಗಳಲ್ಲಿ ಎಂಜಿನ್ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತೆ. ರೆಕ್ಕೆಯೂ ಬೇರೆಯದಿರಬಹುದು. ಗುರುತು ನಿಲ್ಲುವುದು ಒಡಲಿನ ಮೇಲೆ, ಅಂದರೆ ಬಟ್ಟೆಯ ಒಳಗಿನ ಉಕ್ಕಿನ ಪೈಪಿನ ಚೌಕಟ್ಟು. ಅಜ್ಜಯ್ಯನ ಪೆಟ್ಟಿಗೆಯಲ್ಲಿ ಲಾಗ್ ಬುಕ್ ಸಿಕ್ಕಿದರೆ ಅದರಲ್ಲಿ ರಿಪೇರಿಯ ನಮೂದು ಇರುತ್ತೆ. ಬಾಲದ ಚಕ್ರದ ಹತ್ತಿರ ಪೈಪಿಗೆ ಬೆಸುಗೆ, ಎಡಗಡೆ ಇಂತಲ್ಲಿ ಹೊಸ ತುಂಡು ಅಂತೆಲ್ಲ. ಪ್ಲೇಟು ಕಿತ್ತು ಹಾಕಿದ್ದರೂ ಆ ಬೆಸುಗೆ ಅಲ್ಲೇ ಇರುತ್ತೆ, ಮೈ ಮೇಲಿನ ಮಚ್ಚೆಯ ಹಾಗೆ. ಈ ವಿದ್ಯೆ ನನಗೆ ಆ ಹಳೆಯ ಕೇಸಿನ ಕಾಲಕ್ಕೆ ಹೊಳೆದಿರಲಿಲ್ಲ.

ಫೋನಿನಲ್ಲಿ ತೆಗೆದ ಮೂಲ ಫೋಟೋಗಳನ್ನು ಅಳಿಸಬೇಡಿ. ವಾಟ್ಸಾಪಿನಲ್ಲಿ ಹೋಗಿ ಬಂದ ಪ್ರತಿ ಸಾಲದು. ಕೋರ್ಟಿಗೆ ಕೊಡುವಾಗ ಡಿಜಿಟಲ್ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಲಗತ್ತಿಸಬೇಕು, ತೆಗೆದವರೂ ಫೋನೂ ಇದ್ದರೆ ಸುಲಭ.

ಇನ್ನು ಕಾನೂನು. ನಾನು ವಕೀಲನಲ್ಲ. ಇದೆಲ್ಲ ಶಿವಮೊಗ್ಗದಲ್ಲಿ ವಕೀಲಿ ಮಾಡುವ ನನ್ನ ಸ್ನೇಹಿತರ ಜೊತೆ ಕೂತು ತಿಳಿದುಕೊಂಡಿದ್ದು. ಡಿಜಿಸಿಎ ನಿಮ್ಮ ಜಗಳ ತೀರಿಸುವುದಿಲ್ಲ. 2025ರ ಜನವರಿಯಿಂದ 1934ರ ಹಳೆಯ ಕಾಯ್ದೆ ಹೋಗಿ ಭಾರತೀಯ ವಾಯುಯಾನ ಅಧಿನಿಯಮ ಬಂದಿದ್ದರೂ ನಿಮಗೆ ವ್ಯತ್ಯಾಸವಿಲ್ಲ. ಹಾರದೆ ನಿಂತ ವಿಮಾನದ ಒಡೆತನದ ತಕರಾರು ಮಾಮೂಲಿ ಚರ ಆಸ್ತಿಯ ತಕರಾರು. ಕಳೆದುಹೋದ ಎತ್ತು, ಅಡವಿಟ್ಟ ಒಡವೆ ಇದ್ದ ಹಾಗೆ. ಹೋಗಬೇಕಾದ್ದು ಸಿವಿಲ್ ಕೋರ್ಟಿಗೆ.

ಮೂಲ ಸೂತ್ರ ನಿಮ್ಮ ಕಡೆಗಿದೆ. ತನ್ನದಲ್ಲದ್ದನ್ನು ಮಾರಿದವನು ಕೊಂಡವನಿಗೆ ಒಡೆತನ ಕೊಡಲಾರ. 1930ರ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 27 ಹೇಳುವುದು ಇದನ್ನೇ. ರಿಪೇರಿಗೆ ಕೊಟ್ಟ ವಿಮಾನವನ್ನು ಶೆಡ್ಡಿನವರು ಗುಜರಿಗೆ ಹಾಕಿದ್ದರೆ, ಗುಜರಿಯವನು ರೆಸಾರ್ಟಿಗೆ ಮಾರಿದ್ದರೆ, ದುಡ್ಡು ಕೊಟ್ಟು ಕೊಂಡೆ ಅನ್ನುವುದೊಂದರಿಂದಲೇ ಅವರು ಒಡೆಯರಾಗುವುದಿಲ್ಲ. ವಿಮಾನದ ಹೆಸರೇ ನೋಡಿ. ಪುಷ್ಪಕ ಕುಬೇರನದು, ರಾವಣ ಕಿತ್ತುಕೊಂಡ. ಅವನು ಸತ್ತ ಮೇಲೆ ರಾಮ ಅದರಲ್ಲಿ ಅಯೋಧ್ಯೆಗೆ ಬಂದು, ಇಳಿದ ಮೇಲೆ ಕುಬೇರನಿಗೇ ವಾಪಸ್ ಕಳಿಸಿದ. ಗೆದ್ದವನಾದರೂ ಇಟ್ಟುಕೊಳ್ಳಲಿಲ್ಲ. ಒಂದೇ ವ್ಯತ್ಯಾಸ ಅಂದರೆ ಕುಬೇರನಿಗೆ ಕಾಲಮಿತಿ ಕಾಯ್ದೆ ಇರಲಿಲ್ಲ, ನಿಮಗಿದೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂಥ ದಾವೆಗೆ ಮೂರು ವರ್ಷ. ಎಲ್ಲಿಂದ ಎಣಿಸಬೇಕು ಅನ್ನುವುದೇ ಪ್ರಶ್ನೆ. ಕಳೆದುಹೋದ, ಕಳವಾದ, ಅಪ್ರಾಮಾಣಿಕವಾಗಿ ದಕ್ಕಿಸಿಕೊಂಡ ವಸ್ತುವಾದರೆ ಅದು ಯಾರ ಹತ್ತಿರ ಇದೆ ಅಂತ ಹಕ್ಕುದಾರರಿಗೆ ಮೊದಲು ಗೊತ್ತಾದ ದಿನದಿಂದ. ನಂಬಿ ಒಪ್ಪಿಸಿದ ವಸ್ತುವನ್ನು ಒಪ್ಪಿಸಿಕೊಂಡವರಿಂದಲೇ ಕೇಳುವುದಾದರೆ ನೀವು ಕೇಳಿ, ಅವರು ಕೊಡುವುದಿಲ್ಲ ಅಂದ ದಿನದಿಂದ. ಅಂದರೆ 1991ರಿಂದ ಮೂವತ್ತು ಚಿಲ್ಲರೆ ವರ್ಷ ಕಳೆಯಿತು ಅನ್ನುವುದೊಂದರಿಂದಲೇ ನಿಮ್ಮ ಹಕ್ಕು ಹೋಗುವುದಿಲ್ಲ. ಆದರೆ ಹೋದ ದೀಪಾವಳಿಗೆ ನಿಮ್ಮ ಗಡಿಯಾರ ಓಡಲು ಶುರುವಾಗಿದೆ ಅಂತಲೇ ಇಟ್ಟುಕೊಳ್ಳಿ. ಮೂರು ವರ್ಷ ಸುಮ್ನೆ ಕೂತರೆ ದಾವೆ ಹಾಕುವ ಅವಕಾಶವಷ್ಟೇ ಅಲ್ಲ, ಹಕ್ಕೇ ನಂದಿಹೋಗುತ್ತೆ.

ಅದಕ್ಕೇ ಮನೆಯಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಈ ವಿಷಯ ಮೊದಲೇ ಯಾರಿಗಾದರೂ ಗೊತ್ತಿತ್ತಾ? ದೊಡ್ಡಪ್ಪನೋ ಚಿಕ್ಕಪ್ಪನೋ ಹತ್ತು ವರ್ಷದ ಹಿಂದೆ ಅದನ್ನು ನೋಡಿ, "ಹೋಗಲಿ ಬಿಡು" ಅಂತ ಸುಮ್ಮನಾಗಿದ್ದರೆ ಎದುರಿನ ವಕೀಲರು ಅದನ್ನೇ ಹಿಡಿಯುತ್ತಾರೆ. ಯಾರಾದರೂ 1998ರ ನಂತರ ಶೆಡ್ಡಿನವರ ಹತ್ತಿರ ಹೋಗಿ, ಅವರು "ಕೊಡಲ್ಲ" ಅಂದಿದ್ದರೆ ಅದೂ ಅಷ್ಟೇ ದೊಡ್ಡ ತೊಡಕು. ಅಥವಾ ಅಜ್ಜಯ್ಯನೋ ಮನೆಯ ಇನ್ಯಾರೋ ಕೈಗಡ ತೀರಿಸಲು ಅದನ್ನು ಮಾರಿ ಮನೆಯಲ್ಲಿ ಹೇಳದೆ ಇದ್ದರೆ? ಅಂಥದೂ ನೋಡಿದ್ದೇನೆ. ಕೋರ್ಟಿನಲ್ಲಿ ಗೊತ್ತಾಗುವ ಬದಲು ಮನೆಯ ಜಗಲಿಯಲ್ಲೇ ಗೊತ್ತಾಗಲಿ.

ಹಕ್ಕುದಾರರು ಯಾರು? ಅಜ್ಜಯ್ಯ ವಿಲ್ ಬರೆದಿದ್ದರೆ ಅದರಂತೆ. ಇಲ್ಲದಿದ್ದರೆ ಅವರ ಸ್ವಂತ ಸಂಪಾದನೆಯ ಆಸ್ತಿ ಅಜ್ಜಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮಪಾಲು. ಅತ್ತೆಯಂದಿರನ್ನು ಬಿಟ್ಟು ಮುಂದೆ ಹೋಗಬೇಡಿ, ವಿಮಾನ ಕಂಡುಹಿಡಿದಿದ್ದೇ ಅತ್ತೆ ಮಗ ಅಲ್ವಾ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಎಲ್ಲರೂ ಸೇರಿ ಒಬ್ಬರಿಗೆ ಅಧಿಕಾರ ಪತ್ರ ಕೊಡಿ. ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಓಡಾಡಬೇಡಿ. ಅದು ಸಾಲ, ಷೇರು, ಠೇವಣಿ ಇಂಥವಕ್ಕೆ, ವಿಮಾನಕ್ಕಲ್ಲ.

ಪೊಲೀಸ್ ದಾರಿ ನನಗೆ ಹಿಡಿಸುವುದಿಲ್ಲ. "ಇದು ಸಿವಿಲ್ ಮ್ಯಾಟರ್" ಅನ್ನುತ್ತಾರೆ, ಬಹುಪಾಲು ಅದು ಸರಿಯೂ ಹೌದು. ರೆಸಾರ್ಟಿನವರು ತಿಳಿಯದೆ ಕೊಂಡಿದ್ದರೆ ಅವರನ್ನು ಕಳ್ಳರು ಅನ್ನುವುದು ನ್ಯಾಯವಲ್ಲ. ಠಾಣೆಯ ಮೆಟ್ಟಿಲು ಹತ್ತಿಸಿದ ಮೇಲೆ ಮಾತುಕತೆಗೆ ಜಾಗವೂ ಇರುವುದಿಲ್ಲ.

ಕಾಗದ, ತಗಡು ಎರಡೂ ಹೊಂದಿದ ಮೇಲೆ ಮಾತು. ಮನೆಯ ಹಿರಿಯರೊಬ್ಬರು ಹೋಗಿ ಸಮಾಧಾನವಾಗಿ ಹೇಳಲಿ. ಅವರ ಹತ್ತಿರ ಕೊಂಡ ಬಿಲ್ ಇದೆಯಾ ಕೇಳಿ. ಬಿಲ್ ಇದ್ದರೆ ಮಾರಿದವನ ಜಾಡು ಸಿಗುತ್ತೆ, ಅವರು ಕೊಟ್ಟ ದುಡ್ಡನ್ನು ಅವನಿಂದ ಕೇಳಬಹುದು ಅನ್ನುವುದು ಅವರಿಗೂ ಸಮಾಧಾನ. ಹಳೆಯ ಶೆಡ್ಡಿನವರ ಕಡೆಯವರು ಯಾರಾದರೂ ಬಂದು ಬಾಕಿ ಕೇಳಿದರೆ ಒಂದು ವ್ಯತ್ಯಾಸ ನೆನಪಿರಲಿ. ನಿಜವಾಗಿ ರಿಪೇರಿ ಮಾಡಿದ್ದರೆ ಆ ಕೂಲಿ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕು ಕರಾರು ಕಾಯ್ದೆಯಲ್ಲಿದೆ. ಸುಮ್ನೆ ಜಾಗ ಕೊಟ್ಟಿದ್ದೆ ಅನ್ನುವುದಕ್ಕೆ ಆ ಹಕ್ಕು ಬರುವುದಿಲ್ಲ, ಮಾರುವ ಹಕ್ಕಂತೂ ಅಲ್ಲ.

ಒಪ್ಪಂದಕ್ಕೆ ಬಂದರೆ ನನ್ನ ಆಸೆ ಇದು. ವಿಮಾನ ಸದ್ಯಕ್ಕೆ ಅಲ್ಲೇ ಇರಲಿ ಅನ್ನಿ, ಆದರೆ ಒಡೆತನ ನಿಮ್ಮ ಮನೆಯದು ಅಂತ ಅವರು ಬರೆದು ಸಹಿ ಮಾಡಿಕೊಡಲಿ. ಕಾಲಮಿತಿಯೊಳಗೆ ಹಾಗೆ ಲಿಖಿತವಾಗಿ ಒಪ್ಪಿಕೊಂಡರೆ ಆ ದಿನದಿಂದ ನಿಮಗೆ ಹೊಸದಾಗಿ ಮೂರು ವರ್ಷ ಸಿಗುತ್ತೆ. ಅಷ್ಟರಲ್ಲಿ ತರುವ ಏರ್ಪಾಡು ಮಾಡಿಕೊಳ್ಳಬಹುದು. ಪಕ್ಕದಲ್ಲಿ ಅಜ್ಜಯ್ಯನ ಹೆಸರಿನ ಒಂದು ಬೋರ್ಡೂ ಹಾಕಿಸಿ, ಬಂದವರೆಲ್ಲ ಓದಲಿ. ಒಪ್ಪದಿದ್ದರೆ ಆಗ ವಕೀಲರ ನೋಟಿಸ್, ಆಮೇಲೆ ವಸ್ತುವನ್ನೇ ವಾಪಸ್ ಕೊಡಿಸಿ ಅಂತ ದಾವೆ. ದಾವೆಯ ಜೊತೆಗೇ ಸಾಗಿಸಬಾರದು, ಬದಲಾಯಿಸಬಾರದು ಅಂತ ತಡೆಯಾಜ್ಞೆ ಕೇಳಿ, ಕೋರ್ಟ್ ಕಮಿಷನರ್ ಬಂದು ಪ್ಲೇಟು ನೋಡಿ ವರದಿ ಕೊಡಲಿ ಅಂತಲೂ ಕೇಳಿ. ವಸ್ತು ಯಾರ ಸ್ವಾಧೀನದಲ್ಲಿದೆಯೋ ಅವರದೇ ಅಂತ ಕಾನೂನು ಮೊದಲಿಗೆ ಊಹಿಸುತ್ತೆ. ಅಲ್ಲ ಅಂತ ತೋರಿಸುವ ಭಾರ ನಿಮ್ಮದು. ಇಷ್ಟು ಹೊತ್ತು ಕಾಗದ, ತಗಡು ಅಂತ ಹೇಳಿದ್ದು ಅದಕ್ಕೇ.

ಗೆದ್ದ ಮೇಲೆ ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣಕ್ಕೆ ತಂದು ಹಾರಿಸಬಹುದಾ ಅಂತ ನಿಮ್ಮ ಮನೆಯ ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗುವುದಿಲ್ಲ ಅಂತ ಹೇಳಿಬಿಡಿ. ಹಾರಾಟ ಯೋಗ್ಯತೆಯ ಪ್ರಮಾಣಪತ್ರ ಮತ್ತೆ ಪಡೆಯಬೇಕಾದರೆ ಆ ವಿಮಾನವನ್ನು ಹೆಚ್ಚುಕಡಿಮೆ ಹೊಸದಾಗಿಯೇ ಕಟ್ಟಬೇಕು, ತೋಟ ಮಾರಬೇಕಾದೀತು. ನೋಡಲು ಇಟ್ಟುಕೊಳ್ಳುವುದಕ್ಕೆ ಯಾವ ಪ್ರಮಾಣಪತ್ರವೂ ಬೇಡ.

ತರುವುದಾದರೆ ಬೇಸಿಗೆಯಲ್ಲಿ ತನ್ನಿ. ರೆಕ್ಕೆ ಬಿಚ್ಚಿದರೆ ಒಡಲು ಸುಮಾರು 21 ಅಡಿ, ಲಾರಿಯಲ್ಲಿ ಕೂರುತ್ತೆ. ರೆಕ್ಕೆಗಳನ್ನು ಮಲಗಿಸಬೇಡಿ, ಮುಂದಿನ ಅಂಚು ಕೆಳಗೆ ಮಾಡಿ ಹಾಸಿಗೆಯ ಮೇಲೆ ನಿಲ್ಲಿಸಿ ಕಟ್ಟಿ. ಬಿಚ್ಚುವ ದಿನ ಗೊತ್ತಿರುವ ಮೆಕ್ಯಾನಿಕ್ ಒಬ್ಬರು ಇರಲೇಬೇಕು. ಬಾಲ ನೆಲಕ್ಕೆ ತಾಗುವ ವಿಮಾನದಲ್ಲಿ ನೀರು ಇಳಿದು ನಿಲ್ಲುವುದು ಬಾಲದ ಕೆಳಗಿನ ಪೈಪುಗಳಲ್ಲಿ. ಹೊರಗೆ ಬಣ್ಣ ಚೆನ್ನಾಗಿರುತ್ತೆ, ಒಳಗಿಂದ ತುಕ್ಕು ತಿಂದಿರುತ್ತೆ. ದಬ್ಬಳದಿಂದ ಮೆಲ್ಲಗೆ ಒತ್ತಿ ನೋಡಿದರೆ ಕೆಲವು ಕಡೆ ಹಪ್ಪಳದ ಹಾಗೆ ಒಳಗೆ ಹೋಗುತ್ತೆ. ಅಂಥ ಕಡೆ ಹಗ್ಗ ಹಾಕಿ ಎತ್ತಿದರೆ ಬಾಲ ಕೈಗೆ ಬರುತ್ತೆ.

ಮನೆಗೆ ಬಂದ ಮೇಲೆ ಹಳೆಯ ಕೊಟ್ಟಿಗೆಗೇ ಹಾಕಬೇಡಿ. ಆ ಸೆಕೆ, ಸಗಣಿಯ ಹವೆ, ಗೆದ್ದಲು ಯಾವುದೂ ಅದಕ್ಕೆ ಆಗಿಬರುವುದಿಲ್ಲ. ಗಾಳಿಯಾಡುವ ಶೀಟಿನ ಮಾಡು, ಸಿಮೆಂಟಿನ ನೆಲ, ಬಾಲಕ್ಕೆ ಒಂದು ಸ್ಟೂಲ್ ಕೊಟ್ಟು ಎತ್ತಿಡಿ. ಗಾಳಿಯ ವೇಗ ಅಳೆಯುವ ಸಣ್ಣ ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತೆ.

ಅದಕ್ಕೆಲ್ಲ ಮೊದಲು ಆಗಬೇಕಾದ್ದು ಪ್ಲೇಟಿನ ಫೋಟೋ. ಪಕ್ಕದಿಂದ ಬೆಳಕು ಬಿಟ್ಟು, ನಾಲ್ಕು ಕೋನದಿಂದ ನಾಲ್ಕು ತೆಗೆಯಿರಿ. ಓದಲು ಆಗದಿದ್ದರೆ ನನಗೆ ಕಳಿಸಿ, ಕೂತು ನೋಡೋಣ.